ಎಂಟು ಮಿಲಿಮೀಟರ್‌ನ ಆಸರೆ

ಸಂಜೆ ಏಳೂವರೆಗೆ ಕಚೇರಿಯ ಎರಡನೇ ನೆಲಮಾಳಿಗೆಗೆ ಇಳಿದು ನೋಡಿದರೆ, ಬೆಳಿಗ್ಗೆ ಖಾಲಿಯಿದ್ದ ಬಲಗಡೆಯ ಜಾಗದಲ್ಲಿ ಬಿಳಿಯ ಕಾರೊಂದು ನಿಂತಿತ್ತು. ಅದರ ಕನ್ನಡಿಗೂ ನನ್ನ ಬೈಕಿನ ಹ್ಯಾಂಡಲ್ ತುದಿಗೂ ನಡುವೆ ನಾಲ್ಕು ಬೆರಳಿನಷ್ಟು ಸಂದು. ಎಡಕ್ಕೆ ಕಾಂಕ್ರೀಟಿನ ಕಂಬ. ಕಾರು ಬೈಕಿಗೆ ತಾಗಿರಲಿಲ್ಲ, ಎಲ್ಲಿಯೂ ಗೀರು ಬಿದ್ದಿರಲಿಲ್ಲ. ದೂರು ಕೊಡಲು ಹೋದರೆ ಏನೆಂದು ಕೊಡುವುದೆಂದೇ ತಿಳಿಯದಷ್ಟು ಅಚ್ಚುಕಟ್ಟಾಗಿ ನಿಲ್ಲಿಸಿದ್ದರು. ಆದರೂ ಬೈಕನ್ನು ಅಲ್ಲಿಂದ ತೆಗೆಯುವುದು ಸಾಧ್ಯವಿರಲಿಲ್ಲ.

ಕಾರು ನಾಲ್ಕು ಚಕ್ರದ ಮೇಲೆ ತಾನಾಗಿ ನಿಲ್ಲುತ್ತದೆ. ಬೈಕನ್ನು ನಾವು ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡ್ ಹಾಕಿದ ಬೈಕು ನೆಲವನ್ನು ಮುಂದಿನ ಟೈರು, ಹಿಂದಿನ ಟೈರು ಮತ್ತು ಸ್ಟ್ಯಾಂಡಿನ ಪಾದ ಎಂಬ ಮೂರು ಕಡೆಗಳಲ್ಲಿ ಮುಟ್ಟುತ್ತದೆ. ಈ ಮೂರನ್ನು ಗೆರೆಗಳಿಂದ ಸೇರಿಸಿದರೆ ಉದ್ದನೆಯ, ಸಪೂರವಾದ ತ್ರಿಕೋನವಾಗುತ್ತದೆ. ಬೈಕಿನ ಗುರುತ್ವ ಕೇಂದ್ರದಿಂದ, ಅಂದರೆ ಅದರ ಇಡೀ ತೂಕ ಸೇರಿದೆ ಎನ್ನಬಹುದಾದ ಬಿಂದುವಿನಿಂದ, ನೇರ ಕೆಳಕ್ಕೆ ತೂಗುಗುಂಡು ಇಳಿಬಿಟ್ಟರೆ ಅದು ಈ ತ್ರಿಕೋನದೊಳಗೆ ಬೀಳುವಷ್ಟು ಕಾಲ ಬೈಕು ನಿಂತಿರುತ್ತದೆ, ಹೊರಗೆ ಹೋದರೆ ಉರುಳುತ್ತದೆ. ಸ್ಟ್ಯಾಂಡು ಎಡಕ್ಕಿರುವುದರಿಂದ ತ್ರಿಕೋನವೂ ಪೂರ್ತಿ ಎಡಕ್ಕೇ ಇದೆ. ಬಲಕ್ಕಿರುವುದು ಎರಡು ಟೈರುಗಳನ್ನು ಸೇರಿಸುವ ಒಂದು ಗೆರೆ ಮಾತ್ರ. ಆ ಗೆರೆಯನ್ನು ದಾಟಿದರೆ ಹಿಡಿಯುವವರಿಲ್ಲ.

ಗೆರೆ ಎಷ್ಟು ದೂರದಲ್ಲಿದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕಿಲೋ. ಅದರ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ಬೈಕು ಎಡಕ್ಕೆ 10 ಡಿಗ್ರಿ ವಾಲಿ ನಿಂತಿದೆ ಎಂದಿಟ್ಟುಕೊಳ್ಳಿ. ಅದನ್ನು ನೆಟ್ಟಗೆ ಎತ್ತಿದರೆ ಗುರುತ್ವ ಕೇಂದ್ರ ಮೇಲೇರುವುದು ಬರೀ 8 ಮಿಲಿಮೀಟರ್, ಎಂದರೆ ನಮ್ಮ ಕಿರುಬೆರಳಿನ ದಪ್ಪಕ್ಕೂ ಕಡಿಮೆ. ಇದಕ್ಕೆ ಬೇಕಾದ ಶಕ್ತಿ ಸುಮಾರು 15 ಜೂಲ್. ಎರಡು ಲೀಟರಿನ ನೀರಿನ ಬಾಟಲಿಯನ್ನು ನೆಲದಿಂದ ಮೇಜಿನ ಮೇಲೆತ್ತಿಡಲು ಬೇಕಾಗುವುದಕ್ಕಿಂತ ಹೆಚ್ಚೇನಲ್ಲ. ಎರಡು ಕ್ವಿಂಟಲ್ ಕಬ್ಬಿಣವನ್ನು ಬಲಕ್ಕೆ ಬೀಳದಂತೆ ಕಾಯುತ್ತಿರುವುದು ಇಷ್ಟೇ. ಒಂದು ಟನ್ ತೂಕದ ಕಾರು ಗಂಟೆಗೆ 1 ಕಿಲೋಮೀಟರ್ ವೇಗದಲ್ಲಿ, ಅಂದರೆ ತೆವಳುವ ಮಗುವಿಗಿಂತ ನಿಧಾನವಾಗಿ, ಹಿಂದಕ್ಕೆ ಬರುತ್ತಿದ್ದರೂ ಅದರಲ್ಲಿ ಸುಮಾರು 39 ಜೂಲ್ ಚಲನಶಕ್ತಿ ಇರುತ್ತದೆ. ಎಡಗಡೆಯಿಂದ ಅಂಥ ಕಾರಿನ ಬಂಪರ್ ಮೆಲ್ಲಗೆ ಒರಗಿದರೂ ಸಾಕು. ಚಾಲಕನಿಗೆ ತಾಗಿದ್ದೂ ಗೊತ್ತಾಗದೆ ಬೈಕು ಆಚೆ ಮಗ್ಗುಲಿಗೆ ಮಲಗಿರುತ್ತದೆ. ಮೇನ್ ಸ್ಟ್ಯಾಂಡ್ ಹಾಕಿದ್ದರೆ ಎರಡು ಬದಿಗೂ ಆಸರೆ ಸಿಗುತ್ತಿತ್ತು, ನಿಜ. ಆದರೆ ದಿನಕ್ಕೆ ನಾಲ್ಕು ಬಾರಿ ಬೈಕು ನಿಲ್ಲಿಸುವವರಲ್ಲಿ ಮೇನ್ ಸ್ಟ್ಯಾಂಡ್ ಹಾಕುವವರು ಎಷ್ಟು ಮಂದಿ, ನಾನೂ ಸೇರಿದಂತೆ?

ಆ ಸಂಜೆಯ ನನ್ನ ತೊಂದರೆ ಬೀಳುವುದರದ್ದಲ್ಲ, ಏಳುವುದರದ್ದು. ಸೈಡ್ ಸ್ಟ್ಯಾಂಡನ್ನು ಮಡಚಬೇಕಾದರೆ ಮೊದಲು ಬೈಕನ್ನು ನೆಟ್ಟಗೆ ಮಾಡಲೇಬೇಕು. ಹ್ಯಾಂಡಲ್ ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುವುದರಿಂದ, 10 ಡಿಗ್ರಿ ವಾಲಿದ ಬೈಕು ನೆಟ್ಟಗಾಗುವಷ್ಟರಲ್ಲಿ ಅದರ ತುದಿ ಬಲಕ್ಕೆ 17 ಸೆಂಟಿಮೀಟರ್ ಸರಿಯುತ್ತದೆ. ನನಗೆ ಉಳಿದಿದ್ದುದು ನಾಲ್ಕು ಬೆರಳು, ಅಂದರೆ ಏಳೆಂಟು ಸೆಂಟಿಮೀಟರ್. ಅರ್ಧ ದಾರಿಯೂ ಏಳುವ ಮೊದಲೇ ಹ್ಯಾಂಡಲ್ ಹೋಗಿ ಕಾರಿನ ಕನ್ನಡಿಗೆ ಬಡಿಯುತ್ತದೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಲಾಕ್ ಮಾಡಿದ್ದರಂತೂ ಲೆಕ್ಕ ಇನ್ನೂ ಕೆಡುತ್ತದೆ, ಏಕೆಂದರೆ ಅದನ್ನು ನೇರ ಮಾಡುವಾಗ ತುದಿ ಮತ್ತಷ್ಟು ಹೊರಕ್ಕೆ ಚಾಚುತ್ತದೆ. ನಿಂತ ಬೈಕು ತನ್ನ ಬಲಕ್ಕೆ ಬಳಸುವ ಜಾಗಕ್ಕಿಂತ ಹೊರಡುವ ಬೈಕಿಗೆ ಬೇಕಾದ ಜಾಗ ಹೆಚ್ಚು, ಮತ್ತು ಆ ಹೆಚ್ಚಿನ ಜಾಗ ಖಾಲಿಯಂತೆಯೇ ಕಾಣುತ್ತದೆ. ಕಾರಿನ ಬಾಗಿಲು ತೆರೆಯಲು ಜಾಗ ಬಿಡಬೇಕೆಂದು ಎಲ್ಲರಿಗೂ ತಿಳಿದಿದೆ, ಏಕೆಂದರೆ ಬಾಗಿಲು ಕಣ್ಣಿಗೆ ಕಾಣುತ್ತದೆ. ಬೈಕಿನ ಬಾಗಿಲು ಬೈಕೇ ಎಂಬುದು ಅದನ್ನು ಓಡಿಸಿದವರಿಗಷ್ಟೇ ಗೊತ್ತು.

ಹತ್ತಿರ ನಿಲ್ಲಿಸುವ ವಿಚಾರದಲ್ಲಿ ಬೈಕಿನವರೇನೂ ಸಾಚಾಗಳಲ್ಲ. ರೈಲು ನಿಲ್ದಾಣದ ಎದುರೋ ಆಸ್ಪತ್ರೆಯ ಅಂಗಳದಲ್ಲೋ ಒತ್ತೊತ್ತಾಗಿ ನಿಂತ ಸಾಲಿನಲ್ಲಿ ಎಡತುದಿಯ ಒಂದು ಬೈಕು ಬಲಕ್ಕೆ ಉರುಳಿದರೆ ಏನಾಗುತ್ತದೆಂಬುದನ್ನು ಹಲವರು ನೋಡಿರುತ್ತಾರೆ. ನೆಟ್ಟನೆಯ ಸ್ಥಿತಿಯಿಂದ ಬಲಕ್ಕೆ 30 ಡಿಗ್ರಿ ವಾಲುವಷ್ಟರಲ್ಲಿ ಅದರ ಗುರುತ್ವ ಕೇಂದ್ರ 67 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಪಕ್ಕದ ಬೈಕು ಬೀಳಲು ಮೇಲೇರಬೇಕಾದದ್ದು 8 ಮಿಲಿಮೀಟರ್. ಬರುವ ಶಕ್ತಿ ಬೇಕಾದ ಶಕ್ತಿಯ ಎಂಟು ಪಟ್ಟಿಗೂ ಹೆಚ್ಚು. ಹೊಡೆತದಲ್ಲಿ ಮುಕ್ಕಾಲು ಪಾಲು ವ್ಯರ್ಥವಾದರೂ ಮಿಕ್ಕದ್ದು ಧಾರಾಳ. ಸಾಲು ಎಲ್ಲಿಯೋ ಒಂದು ಕಡೆ ನಿಲ್ಲುವುದು ನಡುವೆ ಯಾರೋ ಮೇನ್ ಸ್ಟ್ಯಾಂಡ್ ಹಾಕಿದ್ದರಿಂದ, ಇಲ್ಲವೇ ಅಗಲವಾದ ತೆರಪು ಸಿಕ್ಕಿದ್ದರಿಂದ. ಭೌತವಿಜ್ಞಾನಿ ಲೋರ್ನ್ ವೈಟ್‌ಹೆಡ್ 1983ರಲ್ಲಿ ತೋರಿಸಿದಂತೆ, ಸಾಲಾಗಿ ನಿಲ್ಲಿಸಿ ಒಂದರಿಂದೊಂದನ್ನು ಉರುಳಿಸುವ ಡಾಮಿನೊ ಆಟದ ಒಂದು ಬಿಲ್ಲೆ ತನಗಿಂತ ಒಂದೂವರೆ ಪಟ್ಟು ದೊಡ್ಡ ಬಿಲ್ಲೆಯನ್ನು ಕೆಡವಬಲ್ಲದು. ಹಗುರವಾದ ಸ್ಕೂಟರೊಂದು ಬುಲೆಟ್ಟನ್ನು ಉರುಳಿಸಿದರೆ ಬೆರಗಾಗಬೇಕಿಲ್ಲ.

ಕಾರಿನವರಿಗೆ ಸೆನ್ಸರ್ ಇರುತ್ತದಲ್ಲ ಎನ್ನಬಹುದು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಅದು ಮನುಷ್ಯನ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಹೊರಡಿಸಿ ಅವುಗಳ ಪ್ರತಿಧ್ವನಿಗೆ ಕಾಯುತ್ತದೆ. ಅಗಲವಾದ ಗೋಡೆ ಪ್ರತಿಧ್ವನಿಯನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಬೆರಳುಗಾತ್ರದ ದುಂಡನೆಯ ಕೊಳವೆಗೆ ಬಡಿದ ಅಲೆ ಚೆದುರಿಹೋಗುತ್ತದೆ. ಸಾಲದ್ದಕ್ಕೆ ಸೆನ್ಸರ್ ಇರುವುದು ಹಿಂದಿನ ಬಂಪರಿನ ಎತ್ತರದಲ್ಲಿ, ಹ್ಯಾಂಡಲ್ ಇರುವುದು ಅದಕ್ಕಿಂತ ಬಹಳ ಮೇಲೆ, ಅದೂ ಕಾರಿನ ಪಕ್ಕಕ್ಕೆ.

ಎಂಟೂಕಾಲಕ್ಕೆ ಕಾರಿನ ಮಾಲೀಕರು ಬಂದರು. ನಾನು ಕಂಬಕ್ಕೊರಗಿ ನಿಂತಿದ್ದ ಭಂಗಿಯಲ್ಲೇ ವಿಷಯ ತಿಳಿದಿರಬೇಕು, "ಎರಡಡಿ ಜಾಗ ಬಿಟ್ಟಿದ್ದೆನಲ್ಲ ಸರ್" ಎಂದರು. ಜಗಳವಾಡಲು ಮುಕ್ಕಾಲು ಗಂಟೆಯಿಂದ ಸಿದ್ಧನಾಗಿದ್ದವನು ಬಗ್ಗಿ ನೋಡಿದೆ. ನನ್ನ ಟೈರಿನಿಂದ ಅವರ ಟೈರಿಗೆ ಹೆಚ್ಚುಕಡಿಮೆ ಎರಡಡಿ ಇತ್ತು. ಅವರು ನೆಲದ ಮೇಲೆ ಅಳೆದಿದ್ದರು, ನಾನು ಹ್ಯಾಂಡಲಿನ ಎತ್ತರದಲ್ಲಿ ಅಳೆಯುತ್ತಿದ್ದೆ. ನಾನು ಮಾತಾಡದೆ ಬೈಕನ್ನು ಮೆಲ್ಲಗೆ ಎತ್ತಿ ತೋರಿಸಿದೆ. ಹ್ಯಾಂಡಲಿನ ತುದಿ ಕನ್ನಡಿಯ ಬೆನ್ನಿಗೆ ಟಕ್ಕೆಂದು ತಾಗಿ ನಿಂತಿತು, ಬೈಕು ಇನ್ನೂ ಎಡಕ್ಕೆ ವಾಲಿಕೊಂಡೇ ಇತ್ತು. ಅವರು ಒಂದು ಗಳಿಗೆ ಅದನ್ನೇ ನೋಡಿ, ಕೈ ಚಾಚಿ ಕನ್ನಡಿಯನ್ನು ಒಳಕ್ಕೆ ಮಡಚಿದರು.