‘ಎತ್’ ಅಂದ್ರೆ ಮಾಂಸನೋ ನಾಯಿನೋ? ತಾತಾರ್ ಭಾಷೆಯ ಕಥೆ

ತುರ್ಕಿಶ್ ಭಾಷೆಯಲ್ಲಿ ‘ಎತ್’ ಅಂದ್ರೆ ಮಾಂಸ, ‘ಇತ್’ ಅಂದ್ರೆ ನಾಯಿ. ಅದೇ ರಷ್ಯಾದಲ್ಲಿ ವೋಲ್ಗಾ ನದಿ ದಡದ ಕಝಾನ್ ಊರಿಗೆ ಹೋಗಿ ತಾತಾರ್ ಮಾತಾಡೋರನ್ನ ಕೇಳಿ, ಪೂರ್ತಿ ಉಲ್ಟಾ: ‘ಇತ್’ ಮಾಂಸ, ‘ಎತ್’ ನಾಯಿ! ತುರ್ಕಿಶ್‌ನಲ್ಲಿ ‘ಒನ್’ ಹತ್ತು, ‘ಉನ್’ ಹಿಟ್ಟು, ತಾತಾರ್‌ನಲ್ಲಿ ‘ಉನ್’ ಹತ್ತು, ‘ಒನ್’ ಹಿಟ್ಟು. ತುರ್ಕಿಶ್ ‘ಕೊಲ್’ ತೋಳು ‘ಕುಲ್’ ಗುಲಾಮ, ತಾತಾರ್ ‘ಕುಲ್’ ಕೈ ‘ಕೊಲ್’ ಗುಲಾಮ.

ಎರಡೂ ಒಂದೇ ತುರ್ಕಿಕ್ ಕುಟುಂಬದ ಭಾಷೆಗಳು, ಹಾಗಿದ್ರೆ ಇದು ಹೇಗಾಯ್ತು ಅಂದ್ರೆ, ವೋಲ್ಗಾ ಕಡೆ ಹಳೇ ಎ, ಒ ಮೇಲಕ್ಕೆ ಹೋಗಿ (ಅಂದ್ರೆ ಹೇಳುವಾಗ ನಾಲಿಗೆ ಇನ್ನೂ ಮೇಲೆದ್ದು) ಇ, ಉ ಆದ್ವು, ಹಳೇ ಇ, ಉ ಕೆಳಗಿಳಿದು ತುಂಬಾ ಗಿಡ್ಡ ಎ, ಒ ಆದ್ವು, ಎಲ್ಲಾ ಜಾಗ ಅದಲುಬದಲು ಮಾಡ್ಕೊಂಡಿದ್ರಿಂದ ಪದಗಳು ಒಂದ್ರೊಳಗೊಂದು ಬೆರೆತು ಹೋಗ್ಲಿಲ್ಲ. ಇದು ನಮಗೆ ತೀರಾ ಹೊಸದೇನಲ್ಲ. ತಮಿಳಿನ ‘ಎಲಿ’ ನಮ್ಮಲ್ಲಿ ಇಲಿ, ಅವರ ‘ಪೊಡಿ’ ನಮ್ಮಲ್ಲಿ ಪುಡಿ. ಆದ್ರೆ ಕನ್ನಡದಲ್ಲಿ ಮುಂದಿನ ಅಕ್ಷರದಲ್ಲಿ ಇ, ಉ ಬಂದಾಗ ಮಾತ್ರ ಹೀಗೆ ಸ್ವರ ಮೇಲೆ ಹೋಗಿದ್ದು, ತಾತಾರ್‌ನಲ್ಲಿ ಅಂಥ ಷರತ್ತಿಲ್ಲ, ಎರಡೂ ದಿಕ್ಕಿಗೂ ಓಡಾಟ ನಡೆದಿದೆ.

ಉಚ್ಚಾರಣೆ ಟ್ರೈ ಮಾಡ್ಬೇಕಾ? ‘ಊ’ ಹೇಳೋಕೆ ತುಟಿ ದುಂಡಗೆ ಮಾಡಿ, ತುಟಿ ಅಲ್ಲಾಡಿಸ್ದೆ ‘ಈ’ ಅನ್ನಿ. ಕಣ್ಣಿಗೆ ಅವರು ಹೇಳೋ ಪದದಲ್ಲಿ ಇರೋದು ಈ ಸ್ವರವೇ. ಇನ್ನೊಂದು ಸ್ವರ ನಾವು ‘ಬ್ಯಾಟ್’ ಅನ್ನುವಾಗ ಬರೋದು, ಅವರ ಥ್ಯಾಂಕ್ಸ್ ಪದ ‘ರ‍್ಯಾಹ್ಮ್ಯಾತ್’ನಲ್ಲಿ ಎರಡು ಸಲ ಬರುತ್ತೆ. ಪ್ರತ್ಯಯ ಕೂಡ ಪದದ ಸ್ವರ ನೋಡ್ಕೊಂಡೇ ಬರೋದು, ಮಗು ‘ಬಲ’ ಆದ್ರೆ ಮಕ್ಕಳು ‘ಬಲಲಾರ್’, ಆದ್ರೆ ಇ, ಎ ಥರ ನಾಲಿಗೆ ಮುಂದೆ ತಂದು ಹೇಳೋ ಸ್ವರ ಇರೋ ಪದಕ್ಕೆ ‘ಲ್ಯಾರ್’. ಪದಕ್ಕೆ ಒಂದರ ಹಿಂದೊಂದು ಪ್ರತ್ಯಯ ಅಂಟಿಸೋದು, ಕ್ರಿಯಾಪದ ವಾಕ್ಯದ ಕೊನೆಗೆ ಇಡೋದು ನಮ್ಮ ಥರಾನೇ, ಸಂಬಂಧ ಮಾತ್ರ ಇಲ್ಲ. ಅರೇಬಿಕ್‌ನಿಂದ ಬಂದ ‘ಹವಾ’, ‘ದುನಿಯಾ’ ಥರದ ಪದಗಳು ಇಬ್ಬರ ಬಾಯಲ್ಲೂ ಇವೆ.

ಮೂಲ ಸ್ವಲ್ಪ ಗೋಜಲು. ವೋಲ್ಗಾ ದಡದಲ್ಲಿ ಮೊದಲಿದ್ದ, 922ರಲ್ಲಿ ಇಸ್ಲಾಂ ಒಪ್ಪಿಕೊಂಡ ಬಲ್ಗಾರರ ಭಾಷೆ ಬೇರೆ ಥರದ್ದು, ಅದಕ್ಕೆ ಹತ್ತಿರದ ನೆಂಟ ಇವತ್ತು ಪಕ್ಕದ ಚುವಾಶ್. 13ನೇ ಶತಮಾನದಲ್ಲಿ ಮಂಗೋಲರು ಬಂದ್ಮೇಲೆ ಅವರ ಗೋಲ್ಡನ್ ಹೋರ್ಡ್ ರಾಜ್ಯದಲ್ಲಿ ಹುಲ್ಲುಗಾವಲಿನ ಕಿಪ್ಚಾಕ್ ಜನರ ತುರ್ಕಿಕ್ ಮಾತು ಗೆದ್ದಿತು, ಇವತ್ತಿನ ತಾತಾರ್ ಆ ಕೊಂಬೆಯದ್ದು, ಮಂಗೋಲಿಯನ್ ಅಲ್ಲವೇ ಅಲ್ಲ. ಕ್ರಿಮಿಯಾದ ತಾತಾರ್ ಅಂತೂ ಬೇರೆ ಭಾಷೆ, ಹೆಸರು ನೋಡಿ ಒಂದೇ ಅನ್ಕೋಬೇಡಿ.

ನನಗೆ ಬೇಜಾರಾಗೋದು ಲಿಪಿ ವಿಷಯದಲ್ಲಿ. ಸಾವಿರ ವರ್ಷದ ಹತ್ರ ಅರೇಬಿಕ್ ಲಿಪಿಲಿ ಬರೀತಿದ್ರು, 1920ರ ದಶಕದ ಕೊನೆಗೆ ಲ್ಯಾಟಿನ್ ಮಾಡಿದ್ರು, 1939ರಲ್ಲಿ ಅದನ್ನೂ ತೆಗೆದು ರಷ್ಯನ್ನರ ಸಿರಿಲಿಕ್, ಮೇಲೆ 6 ಹೊಸ ಅಕ್ಷರ ಸೇರಿಸಿ. ಅಜ್ಜ ಬರೆದ ಕಾಗದ ಮೊಮ್ಮಗನಿಗೆ ಓದೋಕೆ ಬರಲ್ಲ, ಒಂದೇ ಮನೇಲಿ! 1999ರಲ್ಲಿ ಕಝಾನ್ ರಾಜಧಾನಿಯಾಗಿರೋ, ರಷ್ಯಾದೊಳಗಿನ ತಾತಾರ್‌ಸ್ತಾನ್ ಗಣರಾಜ್ಯ ಮತ್ತೆ ಲ್ಯಾಟಿನ್‌ಗೆ ಹೋಗೋಣ ಅಂತ ಕಾನೂನು ಮಾಡಿತ್ತು, 2002ರಲ್ಲಿ ಮಾಸ್ಕೋ ಸಿರಿಲಿಕ್ ಕಡ್ಡಾಯ ಮಾಡಿ ಅದನ್ನ ನಿಲ್ಲಿಸ್ತು. 2017ರಲ್ಲಿ ಸ್ಕೂಲಲ್ಲಿ ತಾತಾರ್ ಕಡ್ಡಾಯ ಅನ್ನೋದೂ ಹೋಯ್ತು, ಈಗ ಅಪ್ಪ ಅಮ್ಮ ಬರೆದುಕೊಟ್ರೆ ಮಾತ್ರ ಕಲಿಸ್ತಾರೆ. ರಷ್ಯಾದ 2010ರ ಜನಗಣತಿಲಿ ಈ ಭಾಷೆ ಬರುತ್ತೆ ಅಂದೋರು 43 ಲಕ್ಷದ ಹತ್ರ, 2021ರಲ್ಲಿ 33 ಲಕ್ಷದ ಹತ್ರ.

ಆದ್ರೂ ಕಝಾನ್ ಮೆಟ್ರೋದಲ್ಲಿ ಸ್ಟೇಷನ್ ಹೆಸರು ತಾತಾರ್‌ನಲ್ಲೂ ಕೂಗ್ತಾರೆ, ಕವಿ ಗಬ್ದುಲ್ಲಾ ತುಕಾಯ್ ಹುಟ್ಟಿದ ಏಪ್ರಿಲ್ 26ನ್ನ ಭಾಷೆಯ ದಿನ ಅಂತ ಆಚರಿಸ್ತಾರೆ. 2020ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ನಮ್ಮ ಒಡಿಯಾ ಸೇರಿದ ದಿನವೇ ತಾತಾರ್ ಕೂಡ ಸೇರಿದೆ, ಅಲ್ಲಿ ‘ಮಾಂಸ’ ಅಂತ ಟೈಪ್ ಮಾಡಿ ತಾತಾರ್, ತುರ್ಕಿಶ್ ಎರಡಕ್ಕೂ ಹಾಕಿ ನೋಡಿ.