ಕಡಲ ತೀರದಲ್ಲಿ ನಕ್ಷತ್ರಗಳ ಫೋಟೋ: ಕ್ಯಾಮೆರಾಗಿಂತ ಮೊದಲು ನೀರಿನ ಲೆಕ್ಕ

ನಕ್ಷತ್ರಗಳ ಫೋಟೋಗೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳೇ ಒಳ್ಳೆಯವು. ಚಂದ್ರನ ಬೆಳಕಿದ್ದರೆ ಆಕಾಶಗಂಗೆ ಮಂಕಾಗಿಬಿಡುತ್ತದೆ. ಆದರೆ ಕಡಲ ತೀರದಲ್ಲಿ ಒಂದು ತೊಡಕಿದೆ. ಅಮಾವಾಸ್ಯೆಯಂದು ಸೂರ್ಯ, ಚಂದ್ರ ಎರಡೂ ಭೂಮಿಯ ಒಂದೇ ಕಡೆ ಇರುತ್ತವೆ. ಎರಡರ ಸೆಳೆತವೂ ಸೇರಿ ಉಬ್ಬರ ಜೋರಾಗುತ್ತದೆ. ನಮಗೆ ಬೇಕಾದ ಕತ್ತಲೆ, ಬೇಡವಾದ ನೀರು ಒಟ್ಟಿಗೇ ಬರುತ್ತವೆ. ಅದಕ್ಕೇ ನಾನು ಸೆಟ್ಟಿಂಗ್‌ಗಿಂತ ಮೊದಲು ಇದನ್ನು ಬರೆಯುತ್ತಿದ್ದೇನೆ.

ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ತಡ. ನಿನ್ನೆಯ ಸಮಯ ನಂಬಿಕೊಂಡು ಇವತ್ತು ಹೋಗಬಾರದು. ಆ ಜಾಗದ ಉಬ್ಬರ-ಇಳಿತದ ಪಟ್ಟಿ ನೋಡಿ. ಹಗಲಲ್ಲೇ ಒಮ್ಮೆ ಹೋಗಿ, ಅಲೆಗಳು ಕಸ ತಂದು ಬಿಟ್ಟ ಗೆರೆ ಎಲ್ಲಿದೆ ಅಂತ ಗಮನಿಸಿ. ಬ್ಯಾಗು ಅದಕ್ಕಿಂತ ಸಾಕಷ್ಟು ಮೇಲಿರಲಿ. ವಾಪಸ್ ಬರುವ ದಾರಿ ಬಂಡೆಗಳ ಬುಡದಲ್ಲಿದ್ದರೆ, ಉಬ್ಬರದಲ್ಲಿ ಅದು ಮುಳುಗುತ್ತದೆಯೇ ಅಂತಲೂ ನೋಡಿಕೊಳ್ಳಿ. ನಿರ್ಜನ ಜಾಗದಲ್ಲಿ ಕೂಗಿದರೂ ಯಾರೂ ಬರುವುದಿಲ್ಲ.

ಟ್ರೈಪಾಡ್ ಒಣ ಮರಳಲ್ಲೇ ಇಡುವುದು ಮೇಲು. ಒದ್ದೆ ಮರಳಲ್ಲಿ ನಕ್ಷತ್ರಗಳ ಪ್ರತಿಬಿಂಬ ಸಿಗುತ್ತದೆ, ನಿಜ. ಆದರೆ ಅಲೆ ಹಿಂದೆ ಸರಿಯುವಾಗ ಕಾಲಿನ ಸುತ್ತಲ ಮರಳನ್ನೂ ಎಳೆದೊಯ್ಯುತ್ತದೆ. ಶಟರ್ ತೆರೆದಿರುವಾಗ ಟ್ರೈಪಾಡ್ ಕೂದಲೆಳೆಯಷ್ಟು ಕುಸಿದರೂ ಚುಕ್ಕೆ ಗೆರೆಯಾಗುತ್ತದೆ. ಕಾಲುಗಳನ್ನು ಆಳಕ್ಕೆ ಒತ್ತಿ, ಅವು ನಿಂತ ಮೇಲೆ ಫ್ರೇಮ್ ಹೊಂದಿಸಿ.

ಶಟರ್ ಎಷ್ಟು ಹೊತ್ತು ತೆರೆದಿಡಬಹುದು? ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಇದಕ್ಕೊಂದು ಮಿತಿ ಇದೆ. ಹಳೆಯ ಲೆಕ್ಕ ಸುಲಭ: 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಸಂಖ್ಯೆ) ಭಾಗಿಸಿ. ಫುಲ್ ಫ್ರೇಮ್‌ನಲ್ಲಿ (36×24 ಎಂಎಂ ಸೆನ್ಸರಿನ ಕ್ಯಾಮೆರಾ) 20 ಎಂಎಂ ಲೆನ್ಸ್ ಇದ್ದರೆ 25 ಸೆಕೆಂಡು. ಈಗಿನ ಹೆಚ್ಚು ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಅಷ್ಟಕ್ಕೇ ನಕ್ಷತ್ರ ಎಳೆದಂತೆ ಕಾಣುತ್ತದೆ. ನಾನಂತೂ 500ರ ಬದಲು 300 ಹಿಡಿಯಿರಿ ಅನ್ನುತ್ತೇನೆ. ಆಗ 15 ಸೆಕೆಂಡು. ಕ್ರಾಪ್ ಸೆನ್ಸರ್ (ಅದಕ್ಕಿಂತ ಚಿಕ್ಕದು) ಆದರೆ ಫೋಕಲ್ ಲೆಂತನ್ನು ಮೊದಲು ಕ್ಯಾಮೆರಾದ ಕ್ರಾಪ್ ಅಂಶದಿಂದ, ಹೆಚ್ಚಿನವುಗಳಲ್ಲಿ ಸುಮಾರು 1.5ರಿಂದ, ಗುಣಿಸಿ.

ಉಳಿದದ್ದು ಸರಳ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಫೋಟೋ), ಲೆನ್ಸಿನ ಕಿಂಡಿ ಎಫ್ 2.8 ಅಥವಾ ಲೆನ್ಸ್ ತೆರೆಯುವಷ್ಟು, ಬೆಳಕಿನ ಸೂಕ್ಷ್ಮತೆ ಐಎಸ್‌ಒ 3200ರಿಂದ ಶುರು. ಫೋಕಸ್ ಮ್ಯಾನ್ಯುಯಲ್‌ನಲ್ಲಿರಲಿ. ಪರದೆಯಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಚಿಕ್ಕದಾಗುವವರೆಗೆ ರಿಂಗ್ ತಿರುಗಿಸಿ.

ಕಡಲ ಗಾಳಿಯಲ್ಲಿ ಉಪ್ಪಿನ ಹನಿ ಬಂದು ಲೆನ್ಸಿಗೆ ಅಂಟುತ್ತದೆ, ಅಲ್ವಾ? ಆಗಾಗ ಟಾರ್ಚ್ ಹಿಡಿದು ನೋಡಿ, ಕೆಂಪು ಬೆಳಕಾದರೆ ಕಣ್ಣು ಕತ್ತಲೆಗೆ ಒಗ್ಗಿಕೊಂಡೇ ಇರುತ್ತದೆ. ಒಣ ಬಟ್ಟೆಯಿಂದ ಸುಮ್ನೆ ಉಜ್ಜಬೇಡಿ, ಮರಳಿದ್ದರೆ ಗಾಜು ಗೀರುತ್ತದೆ. ಮೊದಲು ಬ್ಲೋವರ್ (ಗಾಳಿ ಊದುವ ರಬ್ಬರ್ ಬುಗ್ಗೆ), ಆಮೇಲೆ ಲೆನ್ಸ್ ಕ್ಲೀನರ್ ತಾಗಿಸಿದ ಮೆತ್ತನೆ ಬಟ್ಟೆ. ಮನೆಗೆ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಸಿಹಿನೀರಲ್ಲಿ ತೊಳೆದು, ಬಿಚ್ಚಿ ಒಣಗಿಸಿ.