ಹಿಟ್ ಆಗೋಕ್ ಮುಂಚಿನ ವರ್ಷಗಳು: ಸೋಲ್ ಮತ್ತು ಡಿಸ್ಕೋ ಬ್ಯಾಂಡ್‌ಗಳು ಎಲ್ಲಿಂದ ಬಂದ್ವು

'ಸೆಲೆಬ್ರೇಷನ್' ಹಾಡು ಕೇಳದೇ ಇರೋರು ಕಡ್ಮೆ. ರಿಸೆಪ್ಷನ್, ಆಫೀಸ್ ಪಾರ್ಟಿ, ನ್ಯೂ ಇಯರ್, ಎಲ್ಲಿ ಡಿಜೆ ಇದಾರೋ ಅಲ್ಲಿ ಅದೂ ಇದ್ದೇ ಇರುತ್ತೆ. ಅದನ್ನ ಹಾಡಿರೋ ಕೂಲ್ ಅಂಡ್ ದ ಗ್ಯಾಂಗ್ ಬಗ್ಗೆ ಕೇಳಿ ನೋಡಿ, ಸುಮಾರು ಜನ "ಓ, ಎಂಬತ್ತರ ದಶಕದ ಡಿಸ್ಕೋ ಬ್ಯಾಂಡಲ್ವಾ" ಅಂದ್ಬಿಡ್ತಾರೆ. 1980ರಲ್ಲಿ ಆ ಹಾಡು ಬಂದಾಗ ಅವರು ಒಟ್ಟಿಗೆ ನುಡಿಸೋಕ್ ಶುರು ಮಾಡಿ ಆಗ್ಲೇ 16 ವರ್ಷ ಆಗಿತ್ತು, ಅದರಲ್ಲಿ ಮೊದಲ ಐದು ವರ್ಷ ಅವರ ಹೆಸರಲ್ಲಿ ಒಂದು ರೆಕಾರ್ಡೂ ಇರ್ಲಿಲ್ಲ. ಇದು ಈ ಒಂದು ಬ್ಯಾಂಡಿನ ಕತೆ ಮಾತ್ರ ಅಲ್ಲ. 70ರ ದಶಕದಲ್ಲಿ ಜಗತ್ತನ್ನ ಕುಣಿಸಿದ ಬ್ಯಾಂಡ್‌ಗಳ ಹಿಂದಿನ ವರ್ಷಗಳನ್ನ ತೆಗೆದು ನೋಡಿದ್ರೆ ಹೆಚ್ಚುಕಡ್ಮೆ ಎಲ್ಲರದ್ದೂ ಇದೇ ಕತೆ: ಬೇರೆ ಯಾರೋ ಹಾಡ್ತಿರ್ತಾರೆ, ಇವರು ಹಿಂದೆ ನಿಂತು ನುಡಿಸ್ತಿರ್ತಾರೆ. ಆ ಹಿಂದೆ ನಿಂತ ವರ್ಷಗಳೇ ಡಾನ್ಸ್ ಮ್ಯೂಸಿಕ್ಕನ್ನ ಕಟ್ಟಿದ್ದು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಕೂಲ್ ಅಂಡ್ ದ ಗ್ಯಾಂಗಿಂದಾನೇ ಶುರು ಮಾಡೋಣ. 1964, ನ್ಯೂಜೆರ್ಸಿಯ ಜೆರ್ಸಿ ಸಿಟಿ. ರಾಬರ್ಟ್ ಬೆಲ್, ಅವನ ತಮ್ಮ ರೊನಾಲ್ಡ್ ಬೆಲ್, ಜೊತೆಗೆ ಡೆನ್ನಿಸ್ ಥಾಮಸ್, ಜಾರ್ಜ್ ಬ್ರೌನ್, ಸ್ಪೈಕ್ ಮಿಕೆನ್ಸ್ ಥರದ ಸ್ಕೂಲ್ ಗೆಳೆಯರು, ಎಲ್ಲಾ ಹದಿಮೂರು ಹದಿನಾಲ್ಕರ ಆಸುಪಾಸಿನ ಹುಡುಗ್ರು. ಬ್ಯಾಂಡಿಗೆ ಇಟ್ಟ ಹೆಸರು ಜಾಝಿಯಾಕ್ಸ್. ಹೆಸರೇ ಹೇಳುತ್ತಲ್ಲ, ಅವರ ತಲೇಲಿ ಇದ್ದಿದ್ದು ಬರೀ ಜಾಝ್, ರೊನಾಲ್ಡ್‌ಗಂತೂ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅಂದ್ರೆ ದೇವ್ರು. ಆದ್ರೆ ಜಾಝ್ ನುಡಿಸಿದ್ರೆ ಆ ಊರಲ್ಲಿ ಕರೆಯೋರು ಯಾರು? ಮೋಟೌನ್ ಕಂಪನಿಯ ಸೋಲ್ ಹಾಡುಗಳು, ಅಂದ್ರೆ ಅಮೆರಿಕದ ಕರಿಯರ ಚರ್ಚ್ ಹಾಡಿನ ಧಾಟಿಯಿಂದ ಬೆಳೆದ ಪಾಪ್ ಹಾಡುಗಳು, ಎಲ್ಲಾ ರೇಡಿಯೋಲೂ ಮೊಳಗ್ತಿದ್ದ ಕಾಲ ಅದು. ಜೆರ್ಸಿ ಸಿಟಿಯಲ್ಲೂ ಮೋಟೌನ್ ಮಾದರೀಲಿ ಸೋಲ್ ಟೌನ್ ಅಂತ ಒಂದು ಲೋಕಲ್ ತಂಡ ಶೋ ನಡೆಸ್ತಿತ್ತು, ಈ ಹುಡುಗ್ರು ಅದಕ್ಕೆ ಸೋಲ್ ಟೌನ್ ಬ್ಯಾಂಡ್ ಆದ್ರು. ನಮ್ಮಲ್ಲಿ ಗಣೇಶನ ಹಬ್ಬದ ರಸಮಂಜರಿಗೆ ಬರೋ ಆರ್ಕೆಸ್ಟ್ರಾದವರು ಸ್ಟೇಜ್ ಮೇಲೆ ಯಾರು ಬಂದು ಯಾವ ಹಾಡು ಹಾಡಿದ್ರೂ ಹಿಂದೆ ನಿಂತು ನುಡಿಸ್ತಾರಲ್ಲ, ಹಾಗೇ ಕೆಲಸ. ಒಬ್ಬ ಸಿಂಗರ್ ಬರ್ತಾನೆ, ಅವನ ಶ್ರುತಿಗೆ ಹಾಡು ಎತ್ತು, ಇನ್ನೊಬ್ಬಳು ಬರ್ತಾಳೆ, ಇನ್ನೊಂದು ಶ್ರುತಿ, ಜನ ಎದ್ದು ಕುಣಿಯೋಕ್ ಶುರು ಮಾಡಿದ್ರೆ ಹಾಡನ್ನ ಎಳೀತಾ ಹೋಗು, ಕೂತ್ಕೊಂಡ್ರೆ ಬೇಗ ಮುಗ್ಸು. ಜಾಝ್ ಕಲಿತ ಬೆರಳುಗಳಿಗೆ ಕುಣಿಯೋರ ಕಾಲು ನೋಡ್ಕೊಂಡು ನುಡಿಸೋದು ಅಭ್ಯಾಸ ಆಗಿದ್ದು ಅಲ್ಲಿ.

ಆಮೇಲೆ ಹೆಸರು ಬದಲಾಗ್ತಾನೇ ಹೋಯ್ತು. ನ್ಯೂ ಡೈಮೆನ್ಷನ್ಸ್ ಆಯ್ತು, ಕೂಲ್ ಅಂಡ್ ದ ಫ್ಲೇಮ್ಸ್ ಆಯ್ತು. ಸೋಲ್ ಗಾಯಕ ಜೇಮ್ಸ್ ಬ್ರೌನ್ ಜೊತೆಗಿದ್ದ ತಂಡದ ಹೆಸರು ಫೇಮಸ್ ಫ್ಲೇಮ್ಸ್, ಅದರ ಜೊತೆ ಗೊಂದಲ ಆಗ್ಬಾರ್ದು ಅಂತ ಅದನ್ನೂ ಬಿಟ್ಟು ಕೊನೆಗೆ ಕೂಲ್ ಅಂಡ್ ದ ಗ್ಯಾಂಗ್ ಅಂತ ನಿಂತಿದ್ದು. ನಿರ್ಮಾಪಕ ಜೀನ್ ರೆಡ್ ಅವರನ್ನ ಡಿ-ಲೈಟ್ ಅನ್ನೋ ಸಣ್ಣ ಕಂಪನಿಗೆ ಸೇರಿಸಿ 1969ರಲ್ಲಿ ಮೊದಲ ಆಲ್ಬಂ ತಂದ. ಅದನ್ನ ಈಗ ಕೇಳಿದ್ರೆ ಆಶ್ಚರ್ಯ ಆಗುತ್ತೆ, ಅದರಲ್ಲಿ ಹಾಡೋರೇ ಇಲ್ಲ ಅನ್ನೋಷ್ಟು ಕಡ್ಮೆ, ಎಲ್ಲಾ ಟ್ರಂಪೆಟ್ಟು ಸ್ಯಾಕ್ಸೋಫೋನು ಗಿಟಾರು ಬಾಸು.

ದೊಡ್ಡ ತಿರುವು ಬಂದಿದ್ದು 1973ರಲ್ಲಿ. ಆಗ ಕ್ಯಾಮರೂನ್ ದೇಶದ ಮನು ದಿಬಾಂಗೋನ 'ಸೋಲ್ ಮಕೋಸ್ಸಾ' ನ್ಯೂಯಾರ್ಕ್ ಕ್ಲಬ್‌ಗಳಲ್ಲಿ ಹುಚ್ಚೆಬ್ಬಿಸಿತ್ತು. ಕಂಪನಿಯವರು ಬಂದು ಆ ಹಾಡನ್ನ ನೀವೂ ನಿಮ್ಮ ಥರ ಒಂದ್ಸಲ ಮಾಡಿ ಅಂದ್ರಂತೆ, ಇವರಿಗೆ ಅದು ಸರಿಬರ್ಲಿಲ್ಲ, ನಾವೇ ನಮ್ಮದೇ ಮಾಡ್ತೀವಿ ಅಂತ ಕೂತು ಒಂದೇ ದಿನದಲ್ಲಿ ಮೂರು ಹಾಡು ಕಟ್ಟಿದ್ವಿ ಅಂತ ಬ್ಯಾಂಡಿನವರೇ ಹೇಳ್ಕೊಂಡಿದಾರೆ. 'ಫಂಕಿ ಸ್ಟಫ್', 'ಜಂಗಲ್ ಬೂಗಿ', 'ಹಾಲಿವುಡ್ ಸ್ವಿಂಗಿಂಗ್'. ಮೂರೂ ಹಿಟ್ಟು. 'ಜಂಗಲ್ ಬೂಗಿ' ಅಮೆರಿಕದ ಪಾಪ್ ಚಾರ್ಟಲ್ಲಿ 4ನೇ ಸ್ಥಾನದವರೆಗೆ ಹೋಯ್ತು, ಅದರಲ್ಲಿ ಗುರುಗುಟ್ಟೋ ಆ ದನಿ ಯಾವ ಸಿಂಗರ್‌ದೂ ಅಲ್ಲ, ಬ್ಯಾಂಡಿನ ಸಾಮಾನು ಹೊತ್ತು ಓಡಾಡ್ತಿದ್ದ ಡಾನ್ ಬಾಯ್ಸ್‌ದು. ಹಿಂದೆ ನಿಂತೋರೇ ಮುಂದಕ್ಕೆ ಬರೋಕ್ ಶುರು ಆಗಿತ್ತು.

ಇದು ಆ ಹೊತ್ತಿಗೇ ಯಾಕಾಯ್ತು ಅನ್ನೋದಕ್ಕೆ ಕಾರಣ ಕ್ಲಬ್ಬುಗಳು. ರೇಡಿಯೋಗೆ ಮೂರು ನಿಮಿಷದ ಹಾಡು ಸಾಕು, ಅಲ್ಲಿ ಸಿಂಗರ್ರೇ ರಾಜ. ಆದ್ರೆ ರಾತ್ರಿಯಿಡೀ ಕುಣಿಯೋರಿಗೆ ಮೂರು ನಿಮಿಷಕ್ಕೆ ನಿಂತ್ರೆ ಹೇಗೆ? ಟಾಮ್ ಮೌಲ್ಟನ್ ಥರದವರು ಹಾಡುಗಳನ್ನ ಉದ್ದ ಮಾಡಿ ಮಿಕ್ಸ್ ಮಾಡೋಕ್ ಹೊರಟ್ರು, 1976ರಲ್ಲಿ ಡಬಲ್ ಎಕ್ಸ್‌ಪೋಷರ್ ತಂಡದ 'ಟೆನ್ ಪರ್ಸೆಂಟ್' 12 ಇಂಚಿನ ಸಿಂಗಲ್, ಅಂದ್ರೆ ಒಂದೇ ಹಾಡಿನ ದೊಡ್ಡ ರೆಕಾರ್ಡ್ ಆಗಿ ಅಂಗಡಿಗೇ ಬಂತು. ಹಾಡು ಉದ್ದ ಆದಾಗ ಹೆಚ್ಚಾಗೋದು ಸಾಹಿತ್ಯ ಅಲ್ಲ, ಡ್ರಮ್ಮು ಬಾಸು ಗಿಟಾರಿನ ಜಾಗ. ಅಂದ್ರೆ ಹತ್ತು ವರ್ಷ ಹಿಂದೆ ನಿಂತು ಪಳಗಿದೋರಿಗೆ ಕೆಲಸ.

ಈ ಡಿಸ್ಕೋ ಬೀಟ್ ಹುಟ್ಟಿದ ಜಾಗಾನೂ ಅಂಥದ್ದೇ. ಫಿಲಡೆಲ್ಫಿಯಾದಲ್ಲಿ ಕೆನ್ನಿ ಗ್ಯಾಂಬಲ್, ಲಿಯಾನ್ ಹಫ್ ಅನ್ನೋ ಜೋಡಿ 1971ರಲ್ಲಿ ಕಂಪನಿ ತೆಗೆದ್ರು, ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ ಅವರಿಗೆ ಖಾಯಂ ನುಡಿಸೋ ಗುಂಪೊಂದಿತ್ತು, ಅದರ ಡ್ರಮ್ಮರ್ ಅರ್ಲ್ ಯಂಗ್. ಹೆರಾಲ್ಡ್ ಮೆಲ್ವಿನ್ ಅಂಡ್ ದ ಬ್ಲೂ ನೋಟ್ಸ್ ತಂಡದ 'ದ ಲವ್ ಐ ಲಾಸ್ಟ್' 1973ರಲ್ಲಿ ಮೊದಲು ನಿಧಾನದ ವಿರಹದ ಹಾಡಾಗೇ ಶುರುವಾಗಿದ್ದಂತೆ, ಸ್ಟುಡಿಯೋದಲ್ಲಿ ಅದನ್ನ ಜೋರು ಮಾಡಿದ್ರು. ಇಯರ್‌ಫೋನ್ ಹಾಕ್ಕೊಂಡು ಬರೀ ಡ್ರಮ್ಮನ್ನಷ್ಟೇ ಹಿಡಿದು ಕೇಳಿ. ಬಾಸ್ ಡ್ರಮ್ಮು ಒಂದು, ಎರಡು, ಮೂರು, ನಾಲ್ಕು ಅಂತ ನಾಲ್ಕೂ ಎಣಿಕೆಗೆ ಒಂದೇ ಸಮ ಬೀಳ್ತಿರುತ್ತೆ, ಎರಡು ಎಣಿಕೆಗಳ ನಡುವಿನ ಸಂದೀಲಿ ಹೈ-ಹ್ಯಾಟ್ ತಟ್ಟೆ ಬಾಯಿಬಿಟ್ಟು 'ತ್ಸ್' ಅಂದು ಮತ್ತೆ ಮುಚ್ಚಿಕೊಳ್ಳುತ್ತೆ. ಜೇಮ್ಸ್ ಬ್ರೌನ್‌ನ ಫಂಕ್ ಅನ್ನೋ ಶೈಲೀಲಿ ಮೊದಲ ಎಣಿಕೆ ಮೇಲೆ ಪೂರ್ತಿ ಭಾರ ಬಿದ್ದು ಉಳಿದಿದ್ದು ಅಲ್ಲಿಲ್ಲಿ ಒಡೆದುಹೋಗುತ್ತೆ, ಇಲ್ಲಿ ಭಾರ ನಾಲ್ಕಕ್ಕೂ ಸಮ, ಅದಕ್ಕೇ ಕುಣಿಯೋಕ್ ಬರ್ದೇ ಇರೋರ ಕಾಲೂ ತಪ್ಪಲ್ಲ. ಡಿಸ್ಕೋ ಅಂದ್ರೆ ಮಷಿನ್ ಬೀಟು ಅನ್ನೋರು ಇದನ್ನ ಕೇಳ್ಬೇಕು, ಅಷ್ಟೂ ಹೊತ್ತು ಒಬ್ಬ ಮನುಷ್ಯ ಕೂತು ಬಾರಿಸಿದಾನೆ. ಅಂದ್ಹಾಗೆ ಬ್ಲೂ ನೋಟ್ಸ್ ತಂಡ ಶುರುವಾಗಿದ್ದು 1954ರಲ್ಲಿ, ದೊಡ್ಡ ಹಿಟ್ ನೋಡಿದ್ದು 1972ರಲ್ಲಿ. ಅವರ ಆ ಗಡಸು ದನಿಯ ಟೆಡ್ಡಿ ಪೆಂಡರ್‌ಗ್ರಾಸ್ ಸೇರಿದ್ದು ಡ್ರಮ್ಮರ್ ಆಗಿ! ಅರ್ಲ್ ಯಂಗ್ ಕೂಡ ಸುಮ್ನೆ ಕೂರ್ಲಿಲ್ಲ, ತನ್ನದೇ ಟ್ರ್ಯಾಂಪ್ಸ್ ತಂಡ ಕಟ್ಟಿದ, 'ಡಿಸ್ಕೋ ಇನ್‌ಫರ್ನೋ' ಅವರದ್ದೇ.

ಅರ್ಥ್ ವಿಂಡ್ ಅಂಡ್ ಫೈರ್ ಕಟ್ಟಿದ ಮಾರಿಸ್ ವೈಟ್‌ದೂ ಇದೇ ದಾರಿ, ಶಿಕಾಗೋದ ಚೆಸ್ ಕಂಪನೀಲಿ ಬೇರೆಯವರ ರೆಕಾರ್ಡಿಗೆ ಡ್ರಮ್ಸ್, ಆಮೇಲೆ ರಾಮ್ಸೆ ಲೂಯಿಸ್ ಜೊತೆ ಜಾಝ್, ಸಾಲ್ಟಿ ಪೆಪ್ಪರ್ಸ್ ಅಂತ ಒಂದು ತಂಡ, 1975ರಲ್ಲಿ 'ಶೈನಿಂಗ್ ಸ್ಟಾರ್' ನಂಬರ್ ಒನ್ ಆಗೋವರೆಗೂ ಏಳುಬೀಳು.

ನನಗೆ ಎಲ್ಲಕ್ಕಿಂತ ಹತ್ತಿರ ಅನ್ಸೋದು ಶೀಕ್ ಬ್ಯಾಂಡು. ನೈಲ್ ರಾಜರ್ಸ್ ಗಿಟಾರ್, ಬರ್ನಾರ್ಡ್ ಎಡ್ವರ್ಡ್ಸ್ ಬಾಸ್. ರಾಜರ್ಸ್ ಹದಿಹರೆಯದಲ್ಲಿ ಕರಿಯರ ಹಕ್ಕಿಗೆ ಹೋರಾಡ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೇಲಿದ್ದ ಹುಡುಗ, 'ಸೆಸಮಿ ಸ್ಟ್ರೀಟ್' ಮಕ್ಕಳ ಶೋನ ಟೂರ್ ಬ್ಯಾಂಡಲ್ಲಿ ನುಡಿಸಿದ, ಆಮೇಲೆ ಹಾರ್ಲೆಮ್ಮಿನ ಅಪೋಲೋ ಥಿಯೇಟರಲ್ಲಿ ಹೌಸ್ ಬ್ಯಾಂಡ್, ಅಂದ್ರೆ ಅಲ್ಲಿಗೆ ಯಾರು ಹಾಡೋಕ್ ಬಂದ್ರೂ ಹಿಂದೆ ನುಡಿಸೋ ಖಾಯಂ ಗುಂಪು. ಇಬ್ಬರೂ ಸೇರಿ ಬಿಗ್ ಆಪಲ್ ಬ್ಯಾಂಡ್ ಅಂತ ಮಾಡ್ಕೊಂಡು 'ನ್ಯೂಯಾರ್ಕ್ ಸಿಟಿ' ಅನ್ನೋ ಹಾಡೋ ತಂಡದ ಹಿಂದೆ ನುಡಿಸ್ತಾ ಊರೂರು ಸುತ್ತಿದ್ರು. ಅಷ್ಟರಲ್ಲಿ 1976ರಲ್ಲಿ ವಾಲ್ಟರ್ ಮರ್ಫಿ ಅನ್ನೋರು ಬಿಗ್ ಆಪಲ್ ಬ್ಯಾಂಡ್ ಅನ್ನೋ ಹೆಸರಲ್ಲೇ ಬೀಥೋವನ್ ಸಿಂಫನಿಯ ಡಿಸ್ಕೋ ರೂಪ ತಂದು ನಂಬರ್ ಒನ್ ಮಾಡ್ಬಿಟ್ರು, ಇವರ ಹೆಸರು ಹೋಯ್ತು. ಹೊಸ ಹೆಸರೇ ಶೀಕ್. ರಾಕ್ಸಿ ಮ್ಯೂಸಿಕ್ ತಂಡದ ಶೋ ನೋಡಿದ್ದ ರಾಜರ್ಸ್‌ಗೆ ಆ ಸೂಟು ಬೂಟಿನ ಠೀವಿ ಹಿಡಿಸಿತ್ತು. 1977ರ ಡಿಸೆಂಬರ್ 31ರ ರಾತ್ರಿ ಗಾಯಕಿ ಗ್ರೇಸ್ ಜೋನ್ಸ್ ಕರೆದ್ರು ಅಂತ ಸ್ಟುಡಿಯೋ 54 ಕ್ಲಬ್ಬಿಗೆ ಹೋದ್ರೆ ಬಾಗಿಲಲ್ಲೇ ತಡೆದು ಬೈದು ಕಳಿಸಿದ್ರು, ಆ ಸಿಟ್ಟಲ್ಲಿ ರಾಜರ್ಸ್ ಮನೆಗೆ ಹೋಗಿ ಬೈಗುಳಾನೇ ಪಲ್ಲವಿ ಮಾಡಿ ನುಡಿಸಿದ್ದು ಆಮೇಲೆ ಮಾತು ಬದಲಾಗಿ 'ಲ ಫ್ರೀಕ್' ಆಯ್ತು, 1978ರ ಕೊನೇಲಿ ನಂಬರ್ ಒನ್.

ಇಲ್ಲಿ ನಮ್ಮೂರಿನವರೊಬ್ಬರನ್ನ ನೆನೀಲೇಬೇಕು. ಬಿದ್ದು ಅನ್ನೋ ಹೆಸರಿನ ಸಂಗೀತ ನಿರ್ಮಾಪಕರು, ಬೆಂಗಳೂರಲ್ಲಿ ಹುಟ್ಟಿದ ಕೊಡವರು. ಟ್ರೋಜನ್ಸ್ ಅನ್ನೋ ಬ್ಯಾಂಡಲ್ಲಿ ಬೀಟಲ್ಸ್ ಕಾಲದ ಇಂಗ್ಲಿಷ್ ಹಾಡುಗಳನ್ನ ನುಡಿಸ್ಕೊಂಡಿದ್ದ ಹುಡುಗ 60ರ ದಶಕದ ಕೊನೇಲಿ ಲಂಡನ್ನಿಗೆ ಹೋದ್ರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್‌ಗೆ ಒಂದು ಹಾಡು ರೆಕಾರ್ಡ್ ಮಾಡಿ, ಉಳಿದ ಸ್ವಲ್ಪ ಹೊತ್ತಲ್ಲಿ ರೆಕಾರ್ಡಿನ ಹಿಂಬದಿಗೆ ಇರ್ಲಿ ಅಂತ ಇನ್ನೊಂದು ಮಾಡಿದ್ರು, ಆ ಹಿಂಬದಿ ಹಾಡೇ 'ಕುಂಗ್ ಫೂ ಫೈಟಿಂಗ್'. ಬ್ರಿಟನ್, ಅಮೆರಿಕ ಎರಡರಲ್ಲೂ ನಂಬರ್ ಒನ್. 1980ರಲ್ಲಿ ಇದೇ ಬಿದ್ದು ಕೈಲಿ 'ಆಪ್ ಜೈಸಾ ಕೋಯಿ' ಹಾಡು ಮಾಡಿಸಿದ ಹಿಂದಿ ನಟ ಫಿರೋಜ್ ಖಾನ್ ಕೂಡ ಬೆಂಗಳೂರಲ್ಲೇ ಹುಟ್ಟಿದವರು. ಇಂಡಿಯಾದ ಡಿಸ್ಕೋ ಅಲೆ ಅಂದಾಗ ಬಾಂಬೆ ಹೆಸರೇ ಬರುತ್ತೆ, ಬಿದ್ದು ಹೆಸರು ನಮ್ಮಲ್ಲೇ ಇಷ್ಟು ಕಡ್ಮೆ ಕೇಳೋದು ನನಗೆ ನಿಜವಾಗ್ಲೂ ಬೇಜಾರು.

ಸರಿ, ಕೂಲ್ ಅಂಡ್ ದ ಗ್ಯಾಂಗ್ ಏನಾದ್ರು? ಡಿಸ್ಕೋ ಬಂದು ಇವರಿಗೇ ಪೆಟ್ಟು ಬಿತ್ತು. ಒಡೆದು ಒಡೆದು ನುಡಿಸೋ ಫಂಕ್ ಇವರ ಕೈ, ಜನಕ್ಕೆ ಬೇಕಾಗಿದ್ದು ಸಮನಾದ ಬೀಟು. 'ಸ್ಯಾಟರ್ಡೇ ನೈಟ್ ಫೀವರ್' ಸಿನಿಮಾದ ಆಲ್ಬಮ್ಮಲ್ಲಿ ಇವರ 'ಓಪನ್ ಸೆಸಮಿ' ಇತ್ತು ನಿಜ, ಆದ್ರೆ ಅವರದೇ ರೆಕಾರ್ಡುಗಳು ಓಡ್ತಿರ್ಲಿಲ್ಲ. ಆಗ ತಗೊಂಡ ತೀರ್ಮಾನ ಅಂದ್ರೆ ಒಬ್ಬ ಲೀಡ್ ಸಿಂಗರ್ ಬೇಕು ಅಂತ. ಜೇಮ್ಸ್ ಜೆ.ಟಿ. ಟೇಲರ್ ಬಂದ, ಬ್ರೆಜಿಲ್‌ನ ಡಿಯೋಡಾಟೋ ನಿರ್ಮಾಪಕ ಆದ, 1979ರಲ್ಲಿ 'ಲೇಡೀಸ್ ನೈಟ್', 1980ರಲ್ಲಿ 'ಸೆಲೆಬ್ರೇಷನ್', ಅದು 1981ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಆದಮನ ಸೃಷ್ಟಿಯನ್ನ ದೇವತೆಗಳು ಸಂಭ್ರಮಿಸಿದ ಕುರಾನಿನ ಪ್ರಸಂಗ ಓದಿದಾಗ ಹೊಳೆದ ಹಾಡು ಅದು ಅಂತ ರೊನಾಲ್ಡ್ ಬೆಲ್ ಹೇಳಿದಾರೆ. ಹಳೇ ಫಂಕ್ ಅಭಿಮಾನಿಗಳು ಇದನ್ನ ಈಗ್ಲೂ ಒಪ್ಪಲ್ಲ, ಬ್ಯಾಂಡು ತನ್ನನ್ನ ಮಾರ್ಕೊಂಡ್ತು ಅಂತಾರೆ. ನನಗೆ ಹಾಗನ್ಸಲ್ಲ. ಸಿಂಗರ್ ಹಿಂದೆ ನಿಂತು ಅವನನ್ನ ಎತ್ತಿ ಹಿಡಿಯೋದು ಅವರು 14ನೇ ವಯಸ್ಸಲ್ಲೇ ಕಲ್ತಿದ್ದು, ಆ ಹಾಡಿನ ಗಿಟಾರು, ಹಾರ್ನ್‌ಗಳು (ಟ್ರಂಪೆಟ್ಟು, ಸ್ಯಾಕ್ಸೋಫೋನು) ಎಷ್ಟು ಅಳತೆಯಲ್ಲಿ ಬಂದು ಹೋಗ್ತವೆ ಅಂತ ಗಮನಿಸಿ, ಅದು ಕಲಿತವರ ಕೆಲಸ.

ಶೀಕ್‌ಗೆ ಮಾತ್ರ ಕಾಲ ಕೂಡಿಬರ್ಲಿಲ್ಲ. 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳ ರಾಶಿ ಹಾಕಿ ಸ್ಫೋಟಿಸಿದ್ರು. ಕರಿಯರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬಲ್ಲಿ ಬೆಳೆದ ಸಂಗೀತದ ಮೇಲಿನ ಆ ಸಿಟ್ಟು ಬರೀ ಸಂಗೀತದ ಮೇಲಿನ ಸಿಟ್ಟಾಗಿತ್ತು ಅಂತ ನಾನು ನಂಬಲ್ಲ. ಮುಂದಿನ ತಿಂಗಳೇ ಶೀಕ್‌ನ 'ಗುಡ್ ಟೈಮ್ಸ್' ನಂಬರ್ ಒನ್ ಆಯ್ತು, ಅಮೆರಿಕದ ಟಾಪ್ 40ಯಲ್ಲಿ ಅವರ ಕೊನೇ ಹಾಡೂ ಅದೇ. ಆದ್ರೆ ಎಡ್ವರ್ಡ್ಸ್‌ನ ಆ ಬಾಸ್ ಇದೆಯಲ್ಲ, ಒಂದೇ ಸ್ವರ ಮೂರು ಸಲ ಬಡಿದು, ಕೊಂಚ ಬಿಟ್ಟು, ಆಮೇಲೆ ಓಡೋದು, ಅದನ್ನೇ ಮತ್ತೆ ನುಡಿಸಿ ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್ 'ರ್‍ಯಾಪರ್ಸ್ ಡಿಲೈಟ್' ಮಾಡ್ತು, ಹಿಪ್-ಹಾಪ್ ಮನೆಮನೆಗೆ ಹೋಗಿದ್ದು ಆ ಹಾಡಿಂದ. ರಾಜರ್ಸ್, ಎಡ್ವರ್ಡ್ಸ್ ಕೋರ್ಟಿಗೆ ಹೋಗ್ತೀವಿ ಅಂದ್ಮೇಲೆ ಹಾಡು ಬರೆದವರ ಪಟ್ಟಿಗೆ ಅವರ ಹೆಸರೂ ಸೇರ್ತು. 1983ರಲ್ಲಿ ಡೇವಿಡ್ ಬೋವಿಯ 'ಲೆಟ್ಸ್ ಡಾನ್ಸ್' ರಾಜರ್ಸ್ ನಿರ್ಮಾಣ, 1984ರಲ್ಲಿ ಮಡೋನಾಳ 'ಲೈಕ್ ಎ ವರ್ಜಿನ್' ಆಲ್ಬಂ ಕೂಡ, ಅದರಲ್ಲಿ ಗಿಟಾರು ಬಾಸು ಡ್ರಮ್ಮು ನುಡಿಸಿರೋದು ರಾಜರ್ಸ್, ಎಡ್ವರ್ಡ್ಸ್ ಮತ್ತೆ ಶೀಕ್‌ನ ಡ್ರಮ್ಮರ್ ಟೋನಿ ಥಾಂಪ್ಸನ್.

ಎಡ್ವರ್ಡ್ಸ್ 1996ರಲ್ಲಿ ಟೋಕಿಯೋದಲ್ಲಿ ಶೋ ಮುಗಿಸಿ ತೀರ್ಕೊಂಡ್ರು. ರೊನಾಲ್ಡ್ ಬೆಲ್ 2020ರಲ್ಲಿ, ಡೆನ್ನಿಸ್ ಥಾಮಸ್ 2021ರಲ್ಲಿ, ಜಾರ್ಜ್ ಬ್ರೌನ್ 2023ರಲ್ಲಿ ಹೋದ್ರು. ಕೂಲ್ ಅಂಡ್ ದ ಗ್ಯಾಂಗ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2024ರಲ್ಲಿ, ಜೆರ್ಸಿ ಸಿಟಿಯ ಆ ಹುಡುಗರ ಪೈಕಿ ಅದನ್ನ ನೋಡೋಕ್ ಉಳಿದಿದ್ದು ರಾಬರ್ಟ್ ಬೆಲ್ ಒಬ್ಬರೇ. ಅಷ್ಟು ತಡ ಮಾಡಿದ್ದು ಅನ್ಯಾಯ.